ಚರ್ಚ್‌ನ ಪೈಪ್ ಆರ್ಗನ್ ಅಂದರೆ ದೊಡ್ಡ ಹಾರ್ಮೋನಿಯಂ ಅಷ್ಟೇ ಅಲ್ವಾ? ರಿಪೇರಿ ಯಾಕೆ, ಕೀಬೋರ್ಡ್ ಸಾಲದಾ?

ನೀವು ಶಿಮ್ಲಾದ ಕ್ರೈಸ್ಟ್ ಚರ್ಚ್ ನೋಡಿ ಬಂದು ಕೇಳಿದ್ದೀರಿ. ನಾನು ಕೋಲಾರದಲ್ಲಿ ಭಜನೆಗೆ ಹಾರ್ಮೋನಿಯಂ ನುಡಿಸುವವನು. ಆ ಅನುಭವದಿಂದಲೇ ಹೇಳುತ್ತೇನೆ: ಎರಡೂ ಒಂದಲ್ಲ, ಕೀಬೋರ್ಡ್ ಸಾಲದು.

ನಮ್ಮ ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ತಿದಿಯ ಗಾಳಿ ರೀಡನ್ನು, ಅಂದರೆ ಹಿತ್ತಾಳೆಯ ತೆಳು ಪಟ್ಟಿಯನ್ನು, ನಡುಗಿಸುತ್ತದೆ. ಸ್ವರ ಬರುವುದು ರೀಡಿನಿಂದ. ಆರ್ಗನ್‌ನ ಬಹುಪಾಲು ಕೊಳವೆಗಳಲ್ಲಿ ರೀಡೇ ಇರುವುದಿಲ್ಲ. ಗಾಳಿ ಕೊಳವೆಯ ಬಾಯಿಯ ಅಂಚಿಗೆ ಬಡಿಯುತ್ತದೆ, ಒಳಗಿನ ಗಾಳಿಯೇ ಕಂಪಿಸುತ್ತದೆ. ಕೊಳಲಿನಲ್ಲಿ ನಡೆಯುವುದೂ ಇದೇ. ಆದರೆ ಕೊಳಲಿನಲ್ಲಿ ಬೆರಳಿಟ್ಟು ಸ್ವರ ಬದಲಿಸುತ್ತೇವೆ, ಇಲ್ಲಿ ಸ್ವರಕ್ಕೊಂದು ಕೊಳವೆ. ಒಂದು ಸ್ಥಾಯಿ ಕೆಳಗಿಳಿದರೆ ಕೊಳವೆಯ ಉದ್ದ ಎರಡರಷ್ಟು: 8 ಅಡಿ ಇದ್ದದ್ದು 16 ಅಡಿ. ನಾದದ ಬಣ್ಣ ಬೇರೆ ಬೇಕೆಂದರೆ ಕೊಳವೆಗಳ ಇಡೀ ಸಾಲೇ ಬೇರೆ. ಪಕ್ಕದ ಗುಬುಟು ಎಳೆದರೆ ಆ ಸಾಲು ಹಾಡುತ್ತದೆ. ಹಾಗಾಗಿ ಸಣ್ಣ ಆರ್ಗನ್‌ನಲ್ಲೂ ನೂರಾರು ಕೊಳವೆ.

ಶಿಮ್ಲಾದ ಆರ್ಗನ್ 1899ರದ್ದು. ನಮ್ಮ ಕೆಜಿಎಫ್‌ಗೆ ಶಿವನಸಮುದ್ರದ ಕರೆಂಟ್ ಬಂದಿದ್ದೇ 1902ರಲ್ಲಿ. ಕರೆಂಟ್ ಅಪರೂಪವಾಗಿದ್ದ ಆಗಿನ ಕಾಲದ ಆರ್ಗನ್‌ಗಳಿಗೆ ಸಾಮಾನ್ಯವಾಗಿ ಒಬ್ಬ ಆಳು ಮರೆಯಲ್ಲಿ ನಿಂತು, ಹಾಡು ಮುಗಿಯುವ ತನಕ ಹಿಡಿ ಒತ್ತಿ ತಿದಿಗೆ ಗಾಳಿ ತುಂಬಬೇಕಿತ್ತು. ಆ ಜನರ ಹೆಸರು ಯಾವ ಕಲ್ಲಿನಲ್ಲೂ ಕೆತ್ತಿಲ್ಲ ಅನ್ನೋದು ನನಗೆ ನಿಜಕ್ಕೂ ನೋವಿನ ವಿಷಯ.

ರಿಪೇರಿ ಯಾಕೆ ಬೇಕು ಅನ್ನುವುದಕ್ಕೆ ಬರೋಣ. ತಿದಿಯ ಚರ್ಮ ಒಣಗಿ ಬಿರಿಯುತ್ತದೆ. ಮರಕ್ಕೆ ಗೆದ್ದಲು. ಲೋಹದ ಕೊಳವೆಗಳು ಹೆಚ್ಚಾಗಿ ತವರ ಮತ್ತು ಸೀಸದ ಬೆರಕೆ, ತುಂಬಾ ಮೆತ್ತಗೆ, ಒರಟಾಗಿ ಹಿಡಿದರೆ ನೆಗ್ಗುತ್ತವೆ. ಬಾಯಿಯ ಅಂಚು ಕೂದಲೆಳೆಯಷ್ಟು ಕೆಟ್ಟರೂ ದನಿ ಬದಲು. ಶ್ರುತಿಯನ್ನು ಒಂದೊಂದೇ ಕೊಳವೆಗೆ ಕೂಡಿಸಬೇಕು. ಬಿಸಿಲಿಗೆ ಶ್ರುತಿ ಏರುತ್ತದೆ ಬೇರೆ: 10 ಡಿಗ್ರಿ ಜಾಸ್ತಿಯಾದರೆ ಸುಮಾರು ಅರ್ಧಸ್ವರದ, ಅಂದರೆ ಅಕ್ಕಪಕ್ಕದ ಎರಡು ಕೀಗಳ ಅಂತರದ, ಮೂರನೇ ಒಂದು ಭಾಗ. ರೀಡು ಇರುವ ಕೊಳವೆಗಳು ಅಷ್ಟು ಏರುವುದಿಲ್ಲ, ಆಗ ಒಂದಕ್ಕೊಂದು ಅಪಸ್ವರ. ಈ ಕೆಲಸ ಬಲ್ಲವರು ನಮ್ಮ ದೇಶದಲ್ಲಿ ತೀರಾ ಕಡಿಮೆ.

ಕೀಬೋರ್ಡ್ ಕೆಟ್ಟದ್ದು ಅಂತಲ್ಲ. ಆದರೆ ಅದರ ದನಿ ಸ್ಪೀಕರ್‌ನಿಂದ ಬರುತ್ತದೆ. ಆರ್ಗನ್‌ನ ಕೊಳವೆಗಳನ್ನು ಆ ಕಟ್ಟಡದ ಎತ್ತರ, ಗೋಡೆ ನೋಡಿಕೊಂಡೇ ತಿದ್ದಿರುತ್ತಾರೆ. ಮಂದ್ರ ಸ್ವರ ಬಂದಾಗ ಕೂತ ಬೆಂಚಿನಲ್ಲೇ ಗೊತ್ತಾಗುತ್ತದೆ. ರಿಪೇರಿ ಮಾಡಿ ಸುಮ್ನೆ ಬೀಗ ಹಾಕಿದರೂ ಪ್ರಯೋಜನವಿಲ್ಲ, ನುಡಿಸುತ್ತಲೇ ಇರಬೇಕು.

ಶಿಮ್ಲಾ ದೂರ ಅಂತೀರಾ? ಬಂಗಾರಪೇಟೆಯಿಂದ ರೈಲಿನಲ್ಲಿ ಬೆಂಗಳೂರು ಕಂಟೋನ್ಮೆಂಟ್‌ಗೆ ಹೋಗಿ. ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚ್‌ನಲ್ಲೂ ಹಳೆಯ ಪೈಪ್ ಆರ್ಗನ್ ಇದೆ. ಅದು ಸ್ಕಾಟ್ಲೆಂಡಿನವರ ಚರ್ಚ್ ಆಗಿತ್ತು. ಯಾವಾಗ ನುಡಿಸುತ್ತಾರೆ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ.