ಗುಟ್ಟು ನಕಮುರಾ ಬೆರಳಲ್ಲಿಲ್ಲ

ಕೆಲವು ವಾರಗಳಿಂದ ಬರುತ್ತಿರುವ ಪ್ರಶ್ನೆಗಳಲ್ಲಿ ಒಂದೇ ಹೆಸರು: ಅಮೆರಿಕದ ಚೆಸ್ ಗ್ರ್ಯಾಂಡ್‌ಮಾಸ್ಟರ್ ಹಿಕಾರು ನಕಮುರಾ. ಅವರ ವಿಡಿಯೊ ನೋಡಿ ಬುಲೆಟ್ (ಒಂದೆರಡು ನಿಮಿಷದ ಆಟ) ಆಡಲು ಕೂತವರು, ಮಗ ಊಟ ಬಿಟ್ಟು ಬ್ಲಿಟ್ಜ್ (ಮೂರರಿಂದ ಐದು ನಿಮಿಷದ ಆಟ) ಆಡುತ್ತಾನೆ ಎನ್ನುವ ತಾಯಂದಿರು, ಯಾವ ಮೌಸ್ ಕೊಳ್ಳಲಿ ಎನ್ನುವ ಎಂಜಿನಿಯರಿಂಗ್ ಹುಡುಗರು. ಒಂದು ಪ್ರಶ್ನೆಗೆ ಸರಿಯಾಗಿ ಉತ್ತರಿಸುತ್ತೇನೆ, ಉಳಿದವಕ್ಕೆ ಅಷ್ಟು ತಾಳ್ಮೆ ನನಗಿಲ್ಲ. ಫೋರ್ಕ್ ಎಂದರೇನು, ಪಿನ್ ಎಂದರೇನು ಎಂದು ಕೇಳಿದವರು ದಯವಿಟ್ಟು ಬೇರೆ ಕಡೆ ನೋಡಿ. ಅದು ಗೊತ್ತಿಲ್ಲದೆ ಮೂರು ನಿಮಿಷದ ಆಟಕ್ಕೆ ಕೂರುವುದೇ ತಪ್ಪು.

ಪ್ರಶ್ನೆ: ನಕಮುರಾ ಅವರ ಆನ್‌ಲೈನ್ ಬ್ಲಿಟ್ಜ್ ಆಟಗಳನ್ನು ದಿನಾ ನೋಡುತ್ತೇನೆ. ಅವರಷ್ಟು ವೇಗ ನನಗೆ ಬರುತ್ತಿಲ್ಲ. ಅವರ ಶೈಲಿಯ ಗುಟ್ಟೇನು? ಅವರಲ್ಲೂ ಸುಧಾರಿಸಬೇಕಾದದ್ದು ಇದೆಯೇ? ಆನ್‌ಲೈನ್‌ನಲ್ಲಿ ಅಷ್ಟು ಗೆದ್ದವರಿಗೆ ವಿಶ್ವ ಬ್ಲಿಟ್ಜ್ ಪಟ್ಟ ಯಾಕೆ ಸಿಕ್ಕಿಲ್ಲ? ನನ್ನ ರೇಟಿಂಗ್ (ಆಟದ ಬಲ ತೋರಿಸುವ ಅಂಕ) 1500ರಲ್ಲೇ ನಿಂತಿದೆ. (ಹುಬ್ಬಳ್ಳಿಯ ಓದುಗರು)

ಉತ್ತರ: ಮೊದಲು ‘ವೇಗ’ದ ಭ್ರಮೆ ಬಿಡಿ. ಮೂರು ನಿಮಿಷದ ಆಟ ಎಂದರೆ ಒಬ್ಬೊಬ್ಬರಿಗೂ 180 ಸೆಕೆಂಡ್. ಆಟ 60 ನಡೆ ಹೋದರೆ ನಡೆಗೆ ಮೂರು ಸೆಕೆಂಡ್ ಸಿಗುತ್ತದೆ. ಮೂರು ಸೆಕೆಂಡಲ್ಲಿ ಮೌಸ್ ಎಳೆಯುವುದು ನಿಮಗೂ ಬರುತ್ತದೆ, ನಿಮ್ಮ ಪಕ್ಕದ ಮನೆಯ ಅಜ್ಜನಿಗೂ ಬರುತ್ತದೆ. ಆ ಮೂರು ಸೆಕೆಂಡಲ್ಲಿ ಏನನ್ನು ಯೋಚಿಸುವ ಅಗತ್ಯವೇ ಇಲ್ಲ ಎಂಬುದು ನಕಮುರಾಗೆ ಗೊತ್ತಿದೆ. 15ನೇ ವಯಸ್ಸಿಗೆ, 2003ರಲ್ಲೇ ಗ್ರ್ಯಾಂಡ್‌ಮಾಸ್ಟರ್ ಆದವರು, ಐದು ಸಲ ಅಮೆರಿಕದ ಚಾಂಪಿಯನ್ ಆದವರು. ಆನೆ-ಕಾಲಾಳುಗಳ ಎಂಡ್‌ಗೇಮ್ (ಕೆಲವೇ ಕಾಯಿ ಉಳಿದ ಕೊನೆಯ ಹಂತ) ಬಂದರೆ ಅವರು ಲೆಕ್ಕ ಹಾಕುವುದಿಲ್ಲ, ನೆನಪಿಸಿಕೊಳ್ಳುತ್ತಾರೆ. ನೀವು ಅದೇ ಸ್ಥಿತಿಯಲ್ಲಿ ಇಪ್ಪತ್ತು ಸೆಕೆಂಡ್ ಕೂತು ಆಮೇಲೆ ತಪ್ಪು ನಡೆ ಆಡುತ್ತೀರಿ. ಬೆರಳು ಇಬ್ಬರದೂ ಒಂದೇ.

ಗಮನಿಸಬೇಕಾದ ಎರಡನೇ ಸಂಗತಿ ಅವರು ಆರಿಸಿಕೊಳ್ಳುವ ಸ್ಥಿತಿಗಳು. ಬಿಳಿ ಕಾಯಿ ಸಿಕ್ಕಾಗ ಎಷ್ಟೋ ಸಲ ಮೊದಲ ನಡೆಯೇ ಬಿ3, ಅಂದರೆ ರಾಣಿಯ ಬದಿಯ ಒಂದು ಕಾಲಾಳನ್ನು ಒಂದೇ ಮನೆ ಮುಂದಿಡುವುದು. ಎಂಜಿನ್‌ಗೆ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ) ಕೇಳಿದರೆ ಇದರಲ್ಲಿ ಬಿಳಿಗೆ ಹೇಳಿಕೊಳ್ಳುವ ಲಾಭ ಇಲ್ಲ ಎನ್ನುತ್ತದೆ. ಸರಿ. ಆದರೆ ಎದುರಾಳಿ ಬಾಯಿಪಾಠ ಮಾಡಿಕೊಂಡು ಬಂದ ಹದಿನೈದು ನಡೆ ಅಲ್ಲಿಗೆ ವ್ಯರ್ಥ. ಅವನು ನಾಲ್ಕನೇ ನಡೆಯಿಂದಲೇ ಯೋಚಿಸಬೇಕು, ಗಡಿಯಾರ ಓಡುತ್ತಿರುತ್ತದೆ. ತನಗೆ ಸುಲಭವಾಗಿ ಹೊಳೆಯುವ, ಎದುರಿನವನಿಗೆ ತಲೆಕೆಡುವ ಸ್ಥಿತಿಯನ್ನು ತಂದಿಡುವುದು ನಕಮುರಾ ಬ್ಲಿಟ್ಜ್‌ನ ತಿರುಳು. ಸರ್ವಶ್ರೇಷ್ಠ ನಡೆಗಾಗಿ ಅವರು ಹಟ ಹಿಡಿಯುವುದಿಲ್ಲ. ಕೆಡದ ನಡೆ ಒಂದು ಕಂಡರೆ ಆಡಿ ಮುಗಿಸುತ್ತಾರೆ.

ಈ ಉಪಾಯ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದಕ್ಕೆ ಅವರ ಆಟದಲ್ಲೇ ಸಾಕ್ಷಿ ಇದೆ. 2005ರ ಸಿಗೆಮನ್ ಟೂರ್ನಿಯಲ್ಲಿ, ನಿಧಾನಗತಿಯ ಕ್ಲಾಸಿಕಲ್ ಆಟದಲ್ಲಿ, ಚೆನ್ನೈನ ಗ್ರ್ಯಾಂಡ್‌ಮಾಸ್ಟರ್ ಕೃಷ್ಣನ್ ಶಶಿಕಿರಣ್ ವಿರುದ್ಧ ಹದಿಹರೆಯದ ನಕಮುರಾ ಎರಡನೇ ನಡೆಗೇ ರಾಣಿಯನ್ನು ಬೋರ್ಡಿನ ಅಂಚಿನ ಎಚ್5 ಮನೆಗೆ ತಂದರು. ನಮ್ಮಲ್ಲಿ ಹೊಸದಾಗಿ ಕಲಿತ ಮಕ್ಕಳು ನಾಲ್ಕು ನಡೆಯಲ್ಲಿ ಮೇಟ್ ಮಾಡಲು ಹೊರಡುವಾಗ ತರುವ ಹಾಗೆ! ಓಪನಿಂಗ್‌ನಲ್ಲೇ (ಆಟದ ಮೊದಲ ನಡೆಗಳಲ್ಲೇ) ಕುಸಿದರು ಎಂದಲ್ಲ, ಆಟ ದೀರ್ಘವಾಗಿಯೇ ಸಾಗಿತು. ಆದರೆ ಶಶಿಕಿರಣ್ ಕೈಯಲ್ಲಿ ಗಂಟೆಗಟ್ಟಲೆ ಸಮಯವಿತ್ತು, ನಿಧಾನಕ್ಕೆ ಯೋಚಿಸಿದರು, ಗೆದ್ದರು. ಎದುರಾಳಿಗೆ ಯೋಚಿಸಲು ಸಮಯ ಇದ್ದರೆ ಅಚ್ಚರಿಯ ಬೆಲೆ ಅರ್ಧಕ್ಕಿಳಿಯುತ್ತದೆ.

ಇನ್ನು ಸೋಲುವ ಸ್ಥಿತಿಯಲ್ಲಿ ಅವರು ಆಡುವ ರೀತಿ. ಇದನ್ನು ನಿಜವಾಗಿ ಕಲಿಯಬೇಕು, ಯಾರೂ ಕಲಿಯುವುದಿಲ್ಲ. 2008ರಲ್ಲಿ ಇಂಟರ್ನೆಟ್ ಚೆಸ್ ಕ್ಲಬ್‌ನಲ್ಲಿ ಮೂರು ನಿಮಿಷದ ಆಟದಲ್ಲಿ ಅವರು ರಿಬ್ಕಾ ಎಂಬ ಕಂಪ್ಯೂಟರ್ ಎಂಜಿನ್ನನ್ನು ಸೋಲಿಸಿದರು. ಆಗ ಅದು ಜಗತ್ತಿನ ಅತಿ ಬಲಿಷ್ಠ ಎಂಜಿನ್. ಕಾಲಾಳುಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಎಂಜಿನ್‌ಗೆ ಲಾಭ ಇದೆ ಎಂದು ಅನಿಸುವಷ್ಟು ಕಾಯಿ ಬಿಟ್ಟುಕೊಟ್ಟು, ಆಮೇಲೆ ಸುಮ್ಮನೆ ಅತ್ತಿತ್ತ ಓಡಾಡಿದರು. ಯಾವ ಕಾಯಿಯೂ ಹೊಡೆಯದೆ, ಕಾಲಾಳು ಕದಲದೆ 50 ನಡೆ ಕಳೆದರೆ ಆಟ ಡ್ರಾ ಎಂಬ ನಿಯಮವಿದೆ; ತಾನು ಗೆಲ್ಲುತ್ತಿದ್ದೇನೆ ಎಂದು ನಂಬಿದ್ದ ರಿಬ್ಕಾ ಅದನ್ನು ತಪ್ಪಿಸಲು ತಾನೇ ಕೋಟೆ ಒಡೆದುಕೊಂಡಿತು. ಆಟ ಸುಮಾರು 270 ನಡೆ ಹೋಯಿತು. ಲೆಕ್ಕ ಹಾಕಿ, ನಡೆಗೆ ಒಂದು ಸೆಕೆಂಡೂ ಇಲ್ಲ. ಕೊನೆಗೆ ಕಾಲಾಳುಗಳನ್ನು ರಾಣಿ ಮಾಡುವ ಬದಲು ಬಿಷಪ್ ಮಾಡಿ ಮೆರೆದರು. ಆ ಮೆರೆದಾಟ ನನಗೆ ಹಿಡಿಸಲಿಲ್ಲ, ಆದರೆ ಎದುರಾಳಿಯ ದೌರ್ಬಲ್ಯ ಓದಿದ ರೀತಿಗೆ ತಲೆಬಾಗುತ್ತೇನೆ.

ಪ್ರೀಮೂವ್ ಬಗ್ಗೆ ಒಂದು ಮಾತು. ಎದುರಾಳಿ ಆಡುವ ಮೊದಲೇ ನಿಮ್ಮ ನಡೆ ಒತ್ತಿಟ್ಟರೆ ಆನ್‌ಲೈನ್ ಆಟದ ತಾಣ ಚೆಸ್.ಕಾಮ್‌ನಲ್ಲಿ ಕಾಲು ಸೆಕೆಂಡೂ ಹೋಗುವುದಿಲ್ಲ, 0.1 ಸೆಕೆಂಡ್ ಮಾತ್ರ. ಇನ್ನೊಂದು ತಾಣ ಲಿಚೆಸ್‌ನಲ್ಲಿ ಅದೂ ಇಲ್ಲ. ನಕಮುರಾ ಇದನ್ನು ಬಳಸುವುದು ಎದುರಾಳಿ ಏನೇ ಆಡಿದರೂ ತನ್ನ ನಡೆ ಕೆಡದಿರುವಾಗ: ಹೊಡೆದ ಕಾಯಿಗೆ ತಿರುಗಿ ಹೊಡೆಯುವುದು, ಅಪಾಯವಿಲ್ಲದ ಮೂಲೆಯಲ್ಲಿ ರಾಜನನ್ನು ನಡೆಸುವುದು. 1500 ರೇಟಿಂಗಿನವರು ಬಳಸುವುದು ಗಾಬರಿಯಾದಾಗ. ಹಾಗಾಗಿ ರಾಣಿ ಪುಕ್ಕಟೆ ಹೋಗುತ್ತದೆ. ನಿಮ್ಮ ಹಿಂದಿನ ಆಟಗಳನ್ನು ತೆಗೆದು ನೋಡಿ, ನಾನು ಹೇಳಿದ್ದು ಸುಳ್ಳಾದರೆ ಬರೆಯಿರಿ.

ಈಗ ಕೊರತೆಗಳು. ಅಭಿಮಾನಿಗಳು ಸಿಟ್ಟಾಗಬೇಡಿ. ಚೆಸ್.ಕಾಮ್‌ನ ಸ್ಪೀಡ್ ಚೆಸ್ ಚಾಂಪಿಯನ್‌ಶಿಪ್ಪನ್ನು 2018ರಿಂದ 2022ರವರೆಗೆ ಸತತ ಐದು ಸಲ ಗೆದ್ದವರ ಕೊರತೆ ಹೇಳುವಾಗ ನಾನೂ ಅಳತೆ ಮೀರುವುದಿಲ್ಲ. ಆದರೆ 2016, 2017ರಲ್ಲಿ ಅದೇ ವೇದಿಕೆಯ ಫೈನಲ್‌ನಲ್ಲಿ ನಕಮುರಾ ಆಗಿನ ವಿಶ್ವ ಚಾಂಪಿಯನ್, ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್‌ಗೆ ಸೋತರು. 2022ರಲ್ಲಿ ಕಾರ್ಲ್‌ಸನ್ ವಿರುದ್ಧ ನಕಮುರಾ ಕೂದಲೆಳೆ ಅಂತರದಲ್ಲಿ ಗೆದ್ದರು, 2023ರಲ್ಲಿ ಅಷ್ಟೇ ಅಂತರದಲ್ಲಿ ಸೋತರು. ವಿಶ್ವ ಬ್ಲಿಟ್ಜ್‌ನಲ್ಲಿ 2019ರಲ್ಲಿ ಮಾಸ್ಕೋದಲ್ಲಿ ಪ್ಲೇಆಫ್‌ವರೆಗೆ ಹೋಗಿ ಕಾರ್ಲ್‌ಸನ್‌ಗೆ ಸೋತರು, 2022ರಲ್ಲಿ ಅಲ್ಮಾಟಿಯಲ್ಲಿ ಕಾರ್ಲ್‌ಸನ್ ಹಿಂದೆ ಎರಡನೆಯವರಾದರು. ಬಾಗಿಲಲ್ಲಿ ಪ್ರತಿ ಸಲ ನಿಂತಿದ್ದವರು ಒಬ್ಬರೇ ಎಂಬುದು ಕಾಣಿಸುತ್ತಿದೆಯಲ್ಲ?

ಕಾರಣದ ಒಂದು ಭಾಗ ಇನ್‌ಕ್ರಿಮೆಂಟ್, ಅಂದರೆ ಪ್ರತಿ ನಡೆಗೆ ಗಡಿಯಾರಕ್ಕೆ ಸೇರುವ ಸೆಕೆಂಡು. ವಿಶ್ವ ಬ್ಲಿಟ್ಜ್ ಆಡುವುದು ಮೂರು ನಿಮಿಷ, ನಡೆಗೆ ಎರಡು ಸೆಕೆಂಡ್ ಸೇರಿಸಿ. 60 ನಡೆಗೆ 120 ಸೆಕೆಂಡ್ ಹೆಚ್ಚುವರಿ ಸಿಕ್ಕಿತು. ಅಲ್ಲಿ ಎದುರಾಳಿಯ ಸಮಯ ಮುಗಿಸಿ ಗೆಲ್ಲುವುದು ಸುಲಭವಲ್ಲ. ಕಾಯಿಯನ್ನು ಕೈಯಿಂದಲೇ ಎತ್ತಿಡಬೇಕು, ಪ್ರೀಮೂವ್ ಎಂಬುದೇ ಇಲ್ಲ. ಸ್ಪೀಡ್ ಚೆಸ್ ಪಂದ್ಯದಲ್ಲಿ ಐದು ನಿಮಿಷದ ಆಟದಿಂದ ಶುರುವಾಗಿ ಮೂರಕ್ಕೆ, ಕೊನೆಗೆ ಒಂದು ನಿಮಿಷಕ್ಕೆ ಇಳಿಯುತ್ತಾರೆ, ನಡೆಗೆ ಒಂದೇ ಸೆಕೆಂಡ್ ಸೇರುತ್ತದೆ. ಸಮಯ ಕಡಿಮೆಯಾದಷ್ಟೂ ನಕಮುರಾ ಹತ್ತಿರ ಇರುವ ಅಸ್ತ್ರಗಳು ಹೆಚ್ಚುತ್ತವೆ. ಎರಡು ಸೆಕೆಂಡ್ ಕೊಟ್ಟುಬಿಡಿ, ಕೆಲವು ಅಸ್ತ್ರ ಮೊಂಡಾಗುತ್ತವೆ.

ಇನ್ನೊಂದು ಭಾಗ ಅವರ ಎಚ್ಚರಿಕೆ. ಇದು ನನ್ನ ಅಭಿಪ್ರಾಯ. ಎಳೆಯ ವಯಸ್ಸಿನಲ್ಲಿ ಕಿಂಗ್ಸ್ ಇಂಡಿಯನ್ ಎಂಬ ದಾಳಿಕೋರ ಓಪನಿಂಗ್ ಆಡಿ ಬೆಂಕಿ ಹಚ್ಚುತ್ತಿದ್ದವರು ಈಗ ಗಟ್ಟಿ ಸ್ಥಿತಿ ಕಟ್ಟಿಕೊಂಡು ಎದುರಾಳಿ ಎಡವಲಿ ಎಂದು ಕಾಯುತ್ತಾರೆ. ಸಾಮಾನ್ಯ ಗ್ರ್ಯಾಂಡ್‌ಮಾಸ್ಟರ್‌ಗಳು ಎಡವುತ್ತಾರೆ. ಕಾರ್ಲ್‌ಸನ್ ಎಡವುವುದು ಅಪರೂಪ, ಜೊತೆಗೆ ಅವರೂ ಕಾಯಬಲ್ಲರು, ಇನ್ನೂ ಚೆನ್ನಾಗಿ. ಸಮಬಲರ ವಿರುದ್ಧ ಒಂದೆರಡು ಆಟದಲ್ಲಾದರೂ ಹಳೆಯ ಧೈರ್ಯ ತರಬೇಕು. ಮತ್ತೆ, ಆಡುತ್ತಾ ಆಡುತ್ತಾ ಸಾವಿರಾರು ಜನರೊಡನೆ ಮಾತಾಡುವ ಸ್ಟ್ರೀಮಿಂಗ್ ಅಭ್ಯಾಸ. ಅದರಿಂದ ಅವರಿಗೆ ನಷ್ಟವಾಗಿದೆ ಎಂದು ಲೆಕ್ಕ ತೋರಿಸಲು ನನ್ನಿಂದ ಆಗದು. ಆದರೆ ನನ್ನ ಶಿಷ್ಯರು ಯಾರಾದರೂ ಆಡುವಾಗ ಬಾಯಿಬಿಟ್ಟರೆ ಬೋರ್ಡ್ ಎತ್ತಿಡುತ್ತೇನೆ.

ನಿಮ್ಮ 1500ಕ್ಕೆ ಬರೋಣ. ಮೂರು ನಿಮಿಷದ ಆಟ ಎರಡು ತಿಂಗಳು ಬಿಡಿ. ಹದಿನೈದು ನಿಮಿಷ, ನಡೆಗೆ ಹತ್ತು ಸೆಕೆಂಡ್ ಸೇರಿಸಿ ಆಡಿ. ಸೋತ ಆಟವನ್ನು ಎಂಜಿನ್ ಹಾಕದೆ ಮೊದಲು ನೀವೇ ನೋಡಿ, ಎಲ್ಲಿ ಜಾರಿದಿರಿ ಎಂದು ಬರೆದಿಡಿ, ಆಮೇಲೆ ಎಂಜಿನ್ ಹಾಕಿ. ಕಾಲಾಳು ಎಂಡ್‌ಗೇಮ್, ಆನೆ ಎಂಡ್‌ಗೇಮ್ ಕಲಿಯಿರಿ. ಬೇಸರದ ಕೆಲಸ, ಗೊತ್ತು. ಎರಡು ಆಟ ಸತತ ಸೋತರೆ ಆ ದಿನಕ್ಕೆ ಮುಚ್ಚಿ. ರಾತ್ರಿ ಹತ್ತರ ಮೇಲೆ ರೇಟೆಡ್ ಆಟ ಬೇಡವೇ ಬೇಡ. ಇದರಲ್ಲಿ ನಾನು ಸ್ವಲ್ಪ ಅತಿ ಅನ್ನಿ, ಪರವಾಗಿಲ್ಲ.

ಪ್ರಶ್ನೆ: ಬ್ಲಿಟ್ಜ್‌ಗೆ ಗೇಮಿಂಗ್ ಮೌಸ್ ಬೇಕೇ? (ದಾವಣಗೆರೆ)

ಉತ್ತರ: ಬೇಡ.

ಪ್ರಶ್ನೆ: ಬುಲೆಟ್, ಬ್ಲಿಟ್ಜ್ ಜಾಸ್ತಿ ಆಡಿದರೆ ಕ್ಲಾಸಿಕಲ್ ಆಟ ಕೆಡುತ್ತದೆ ಎನ್ನುತ್ತಾರೆ, ನಿಜವೇ? (ಮಂಗಳೂರು)

ಉತ್ತರ: ನಕಮುರಾ ಸುಮಾರು ಎರಡು ವರ್ಷ ಕ್ಲಾಸಿಕಲ್ ಆಡದೆ ಆನ್‌ಲೈನ್‌ನಲ್ಲೇ ಮುಳುಗಿದ್ದರು. 2022ರಲ್ಲಿ ಬರ್ಲಿನ್ ಗ್ರ್ಯಾಂಡ್ ಪ್ರಿಗೆ ನೇರ ಬಂದು ಗೆದ್ದು, ವಿಶ್ವ ಪಟ್ಟಕ್ಕೆ ಆಡುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಗೂ ಹೋದರು. ಅವರಿಗೆ ಕೆಡಲಿಲ್ಲ. ನಿಮಗೆ ಕೆಡುತ್ತದೆ, ಯಾಕೆಂದರೆ ಅವರು ಮೊದಲು ಕಲಿತು ಆಮೇಲೆ ಓಡಿದರು.

ಪ್ರಶ್ನೆ: ನಕಮುರಾ ಒಮ್ಮೆ 46 ಆಟದಲ್ಲಿ 45.5 ಅಂಕ ಗಳಿಸಿದ್ದರಂತೆ. ಇದು ಮೋಸವಲ್ಲದೆ ಸಾಧ್ಯವೇ? (ಬೆಂಗಳೂರು)

ಉತ್ತರ: 2023ರಲ್ಲಿ ಮಾಜಿ ವಿಶ್ವ ಚಾಂಪಿಯನ್ ವ್ಲಾಡಿಮಿರ್ ಕ್ರಾಮ್ನಿಕ್ ಎತ್ತಿದ ಅನುಮಾನ ಇದು. ಚೆಸ್.ಕಾಮ್ ಪರಿಶೀಲಿಸಿ ಮೋಸದ ಕುರುಹು ಇಲ್ಲ ಎಂದಿತು. ಶಾಲೆಯ ಗಣಿತ ಸಾಕು: ತನಗಿಂತ ಬಹಳ ಕೆಳಗಿನವರ ವಿರುದ್ಧ ಪ್ರತಿ ಆಟ ಗೆಲ್ಲುವ ಸಾಧ್ಯತೆ ಶೇ 95 ಇದ್ದರೆ, ಸತತ 46 ಗೆಲ್ಲುವ ಸಾಧ್ಯತೆ ಸುಮಾರು ಶೇ 9. ಹತ್ತಾರು ಸಾವಿರ ಆಟ ಆಡಿದವರಲ್ಲಿ ಇಂಥ ಸರಣಿ ಬರದಿದ್ದರೆ ಆಶ್ಚರ್ಯಪಡಿ. ನೀವು ಸೋತಾಗಲೆಲ್ಲ ರಿಪೋರ್ಟ್ ಬಟನ್ ಒತ್ತುವ ಚಟವನ್ನೂ ಬಿಡಿ.

ಪ್ರಶ್ನೆ: ಬಾಂಗ್‌ಕ್ಲೌಡ್ ಓಪನಿಂಗ್ ಟೂರ್ನಿಯಲ್ಲಿ ಆಡಬಹುದೇ? ಕಾರ್ಲ್‌ಸನ್, ನಕಮುರಾ ಆಡಿದ್ದಾರಲ್ಲ. (ಶಿವಮೊಗ್ಗದ ವಿದ್ಯಾರ್ಥಿ)

ಉತ್ತರ: 2021ರಲ್ಲಿ ಇಬ್ಬರೂ ಮುಂದಿನ ಹಂತಕ್ಕೆ ಆಯ್ಕೆಯಾದ ಮೇಲೆ ಎರಡನೇ ನಡೆಗೇ ರಾಜನನ್ನು ಮುಂದೆ ತಂದು, ನಗುತ್ತಾ ಡ್ರಾ ಮಾಡಿಕೊಂಡರು. ನೀನು ಆಯ್ಕೆಯಾಗಿದ್ದೀಯಾ, ತಮ್ಮಾ?

ಪ್ರಶ್ನೆ: ‘ಮಿಡ್‌ಬ್ರೇನ್ ಆಕ್ಟಿವೇಶನ್’ ತರಗತಿಗೆ ಸೇರಿಸಿದರೆ ಮಗಳು ಕಣ್ಣು ಕಟ್ಟಿಕೊಂಡು ಚೆಸ್ ಆಡುತ್ತಾಳೆ, ರೇಟಿಂಗ್ ಏರುತ್ತದೆ ಎಂದು ಹೇಳುತ್ತಿದ್ದಾರೆ. ಶುಲ್ಕ ಕಟ್ಟಲೇ? (ತುಮಕೂರು)

ಉತ್ತರ: ಕಟ್ಟಬೇಡಿ. ಅದು ಶುದ್ಧ ಬೂಟಾಟಿಕೆ. ಕಣ್ಣಿನ ಪಟ್ಟಿಯ ಕೆಳಗೆ ಮೂಗಿನ ಪಕ್ಕದ ಸಂದಿಯಲ್ಲಿ ನೋಡುವುದನ್ನು ಮಕ್ಕಳಿಗೆ ಕಲಿಸಿ ದುಡ್ಡು ಮಾಡುವ ಆಟ. ಗ್ರ್ಯಾಂಡ್‌ಮಾಸ್ಟರ್‌ಗಳು ಬೋರ್ಡ್ ನೋಡದೆ ಆಡುವುದು ವರ್ಷಗಳ ಅಭ್ಯಾಸದಿಂದ, ಮೆದುಳಿನಲ್ಲಿ ಯಾರೋ ಸ್ವಿಚ್ ಹಾಕಿದ್ದರಿಂದಲ್ಲ. ಸುಳ್ಳು ಹೇಳುವುದನ್ನು ಮಗುವಿಗೆ ಶುಲ್ಕ ಕೊಟ್ಟು ಕಲಿಸಬೇಡಿ. ಅದೇ ದುಡ್ಡಲ್ಲಿ ಒಂದು ಒಳ್ಳೆಯ ಬೋರ್ಡು, ಚೆಸ್ ಗಡಿಯಾರ ಕೊಡಿಸಿ.

ಪ್ರಶ್ನೆ: ‘ಮೂವತ್ತು ದಿನದಲ್ಲಿ 2000 ರೇಟಿಂಗ್’ ಆನ್‌ಲೈನ್ ಕೋರ್ಸ್ ಹೇಗೆ? (ಮೈಸೂರು)

ಉತ್ತರ: ಕೋರ್ಸ್ ಮಾರುವವರ ರೇಟಿಂಗ್ ಎಷ್ಟು ಎಂದು ಮೊದಲು ಕೇಳಿ. ಉತ್ತರ ಬಂದರೆ ನನಗೂ ತಿಳಿಸಿ.

ಪ್ರಶ್ನೆ: ನನ್ನ ಲಿಚೆಸ್ ಬ್ಲಿಟ್ಜ್ ರೇಟಿಂಗ್ 1900. ಫಿಡೆ (ವಿಶ್ವ ಚೆಸ್ ಒಕ್ಕೂಟ) ರೇಟಿಂಗ್ ಎಷ್ಟು ಬರಬಹುದು? (ಬೆಳಗಾವಿ)

ಉತ್ತರ: ಈ ಪ್ರಶ್ನೆ ಪ್ರತಿ ವಾರ ಬರುತ್ತದೆ. ಲಿಚೆಸ್‌ನಲ್ಲಿ ಎಲ್ಲರೂ 1500ರಿಂದ ಶುರು ಮಾಡುತ್ತಾರೆ, ಲೆಕ್ಕದ ವಿಧಾನವೂ ಬೇರೆ, ಆಡುವ ಜನರೂ ಬೇರೆ. ಫಿಡೆಯಲ್ಲಿ 2024ರ ಮಾರ್ಚ್‌ನಿಂದ ಕನಿಷ್ಠ ರೇಟಿಂಗ್ 1400. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಸೂತ್ರ ಯಾರಾದರೂ ಕೊಟ್ಟರೆ ನಂಬಬೇಡಿ. ಮುಂದಿನ ರೇಟಿಂಗ್ ಟೂರ್ನಿಗೆ ಹೆಸರು ಕೊಡಿ, ಹೋಗಿ ಆಡಿ, ಗೊತ್ತಾಗುತ್ತದೆ.