ಬೆಳಗಾವಿಯಲ್ಲಿ ಪ್ಲಾಟ್ ತೋರಿಸುವ ಏಜೆಂಟರನ್ನು ನಂಬುವುದು ಹೇಗೆ?

ಮೊದಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ. 2016ರ ರೇರಾ ಕಾಯ್ದೆ ಪ್ರಕಾರ, ನೋಂದಾಯಿತ ಲೇಔಟ್ ಅಥವಾ ಅಪಾರ್ಟ್‌ಮೆಂಟ್ ಮಾರಿಸಿಕೊಡುವ ಏಜೆಂಟರಿಗೂ ನೋಂದಣಿ ಕಡ್ಡಾಯ. ಇಲ್ಲದೆ ವ್ಯವಹಾರ ಮಾಡಿದರೆ ದಿನಕ್ಕೆ 10,000 ರೂಪಾಯಿ ದಂಡ. ಅವರು ಕೊಟ್ಟ ಕಾಗದವನ್ನೇ ನಂಬಬೇಡಿ, ಕರ್ನಾಟಕ ರೇರಾ ಜಾಲತಾಣದಲ್ಲಿ ಏಜೆಂಟ್, ಲೇಔಟ್ ಎರಡರ ಹೆಸರನ್ನೂ ನೀವೇ ಹುಡುಕಿ. ಒಬ್ಬರ ಹಳೇ ಮನೆ ಇನ್ನೊಬ್ಬರಿಗೆ ಕೊಡಿಸುವ ದಲಾಲರಿಗೆ ಈ ನಿಯಮ ಅನ್ವಯಿಸದು. ಅಲ್ಲಿ ಕಾಗದಪತ್ರವೇ ಆಧಾರ.

ನಮ್ಮ ಕಡೆ ಜಾಸ್ತಿ ಜನ ಮೋಸ ಹೋಗುವುದು ಬೇರೆ ವಿಷಯದಲ್ಲಿ. ಹೊಲದಲ್ಲೇ ಕಲ್ಲು ನೆಟ್ಟು, 'ಎನ್‌ಎ (ಕೃಷಿಯೇತರ ಜಮೀನು) ಆಗ್ತದ್ರೀ, ಈಗ ಬಾಂಡ್ (ಛಾಪಾ ಕಾಗದ) ಮೇಲೆ ಬರೆದುಕೊಡ್ತೀವಿ' ಅನ್ನುತ್ತಾರೆ. ರೇಟು ಕಡಿಮೆ ಇರುತ್ತದಲ್ಲ, ಆಸೆ ಹುಟ್ಟುತ್ತದೆ. ಆದರೆ ನೋಂದಣಿ ಆಗದ ಬಾಂಡಿನಿಂದ ಜಾಗ ನಿಮ್ಮದಾಗುವುದಿಲ್ಲ. ಎನ್‌ಎ ಆದೇಶದ ಪ್ರತಿ, ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ನಕ್ಷೆ ಕೇಳಿ. ಉತಾರದಲ್ಲಿ (ಜಾಗದ ದಾಖಲೆ) ಯಾರ ಹೆಸರಿದೆ ನೋಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ನೋಂದಣಿಯಾದ ಸಾಲ ಗೀಲ ಇದ್ದರೆ ತಿಳಿಯುತ್ತದೆ.

ಸಂಚಕಾರ (ಮುಂಗಡ ಹಣ) ಕೊಡುವಾಗ ನಗದು ಬೇಡ. ಏಜೆಂಟರ ಖಾತೆಗೂ ಬೇಡ, ಮಾಲೀಕರ ಖಾತೆಗೇ ಹಾಕಿ. ರೇರಾ ಲೇಔಟ್ ಆದರೆ, ನೋಂದಾಯಿತ ಕರಾರು ಆಗುವ ಮುಂಚೆ ಬಿಲ್ಡರ್, ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕಮಿಷನ್ ಎಷ್ಟು ಅನ್ನುವುದನ್ನೂ ಮೊದಲೇ ಬರೆಸಿಕೊಳ್ಳಿ.