ನೀವು ಕೇಳಿದ್ರಿ: ಬೋಸ್ನಿಯಾ ಯುದ್ಧಕ್ಕೆ ಹೊರಗಿಂದ ಬಂದ ಮುಜಾಹಿದೀನ್‌ಗಳ ಬಗ್ಗೆ

ಪ್ರಶ್ನೆ: ತೊಂಬತ್ತರ ದಶಕದ ಬೋಸ್ನಿಯಾ ಯುದ್ಧದಲ್ಲಿ ಅರಬ್ ದೇಶಗಳಿಂದ ಜನ ಬಂದು ಹೋರಾಡಿದ್ರು ಅಂತ ಎಲ್ಲೋ ಓದಿದ್ದೆ. ನಿಜಾನಾ ಸರ್? ಯುರೋಪಿನ ನಟ್ಟನಡುವೆ ಅವ್ರು ಬಂದಿದ್ದಾದ್ರೂ ಹೇಗೆ?

ಉತ್ತರ: ನಿಜ. ಟೈಮಿಂಗ್ ನೋಡಿದ್ರೇ ಅರ್ಧ ಉತ್ತರ ಸಿಗುತ್ತೆ. ಯುಗೊಸ್ಲಾವಿಯಾ ಒಡೆದಾಗ ಬೋಸ್ನಿಯಾದಲ್ಲಿ ಮುಸ್ಲಿಮರು, ಸರ್ಬರು, ಕ್ರೊಯೇಟರ ನಡುವೆ ಯುದ್ಧ ಶುರುವಾಗಿದ್ದು 1992ರ ಏಪ್ರಿಲ್‌ನಲ್ಲಿ, ಅದೇ ತಿಂಗಳು ಅತ್ತ ಕಾಬೂಲ್‌ನಲ್ಲಿ ಸೋವಿಯತ್‌ನವ್ರು ಕೂರಿಸಿದ್ದ ನಜೀಬುಲ್ಲಾ ಸರ್ಕಾರ ಬಿದ್ದುಹೋಯ್ತು. ಅಂದ್ರೆ ಸೋವಿಯತ್ ವಿರುದ್ಧದ ಜಿಹಾದ್ ಅಂತ ಹತ್ತು ವರ್ಷದಿಂದ ಪೇಶಾವರದಲ್ಲಿ ಬೀಡುಬಿಟ್ಟಿದ್ದ ಅರಬ್ ಹುಡುಗ್ರಿಗೆ ಒಮ್ಮೆಲೇ ಕೆಲಸವೇ ಇಲ್ದಂಗಾಯ್ತು, ಊರಿಗೆ ವಾಪಸ್ ಹೋಗೋಣ ಅಂದ್ರೆ ಈಜಿಪ್ಟ್, ಅಲ್ಜೀರಿಯಾದವ್ರಿಗೆ ಏರ್‌ಪೋರ್ಟಿಂದ ಸೀದಾ ಜೈಲಿಗೇ ದಾರಿ, 1993ರ ಹೊತ್ತಿಗೆ ಪಾಕಿಸ್ತಾನಾನೂ ಜಾಗ ಖಾಲಿ ಮಾಡಿ ಅನ್ನೋಕೆ ಶುರುಮಾಡ್ತು. ಅಷ್ಟರಲ್ಲಿ 1992ರ ಆಗಸ್ಟ್‌ನಲ್ಲಿ ಬೋಸ್ನಿಯಾದ ಸರ್ಬರು ಮುಸ್ಲಿಮರು, ಕ್ರೊಯೇಟರನ್ನ ಕೂಡಿಹಾಕಿದ್ದ ಒಮಾರ್ಸ್ಕಾ, ಟ್ರ್ನೊಪೊಲ್ಯೆ ಕ್ಯಾಂಪುಗಳ ದೃಶ್ಯ ಜಗತ್ತಿನ ಟೀವಿಗಳಲ್ಲೆಲ್ಲ ಬಂತು. ತಂತಿಬೇಲಿ ಹಿಂದೆ ಎಲುಬು ಕಾಣೋ ಹಾಗೆ ನಿಂತ ಗಂಡಸರು. ಅದನ್ನ ನೋಡಿ ಹೊರಟವರೆಲ್ಲ ಹಳೇ ಯೋಧರೇನಲ್ಲ, ಗಲ್ಫ್‌ನ ಕಾಲೇಜು ಹುಡುಗ್ರಿದ್ರು, ಯುರೋಪಿನ ನಗರಗಳಲ್ಲೇ ಹುಟ್ಟಿ ಬೆಳೆದ ವಲಸಿಗರ ಮಕ್ಕಳೂ ಇದ್ರು.

ದಾರಿ ಕ್ರೊಯೇಷಿಯಾ ಮೂಲಕ. ಝಾಗ್ರೆಬ್ ಇಲ್ಲಾ ಸ್ಪ್ಲಿಟ್‌ಗೆ ಬಂದು, ಅಲ್ಲಿಂದ ರೋಡಲ್ಲಿ ಮಧ್ಯ ಬೋಸ್ನಿಯಾ. ಕೈಯಲ್ಲಿ ಬಹಳ ಸಲ ಯಾವುದಾದ್ರೂ ಇಸ್ಲಾಮಿಕ್ ಚಾರಿಟಿಯ ಗುರುತಿನ ಚೀಟಿ. ಕೆಲವ್ರು ನಿಜವಾಗ್ಲೂ ಬರೀ ಹಿಟ್ಟು, ಔಷಧಿ ಹಂಚೋಕೇ ಬಂದಿದ್ರು, ಕೆಲವ್ರಿಗೆ ಚೀಟಿ ಬರೀ ಚೀಟಿ, ಇನ್ನು ಕೆಲವ್ರು ಎರಡೂ ಮಾಡಿದ್ರು. ಈ ಮೂರನ್ನ ಬೇರೆಬೇರೆ ಮಾಡಿ ನೋಡೋದು ಆಮೇಲೆ ಕೋರ್ಟುಗಳಿಗೂ ತಲೆನೋವಾಯ್ತು.

ಪ್ರಶ್ನೆ: ಒಟ್ಟು ಎಷ್ಟು ಜನ ಇದ್ರು?

ಉತ್ತರ: ಕೆಲವು ನೂರು ಅನ್ನೋರಿಂದ ಹಿಡಿದು ನಾಲ್ಕೈದು ಸಾವಿರ ಅನ್ನೋರವರೆಗೂ ಇದ್ದಾರೆ. ದೊಡ್ಡ ನಂಬರ್ ಹೇಳೋರು ಸಾಮಾನ್ಯವಾಗಿ ಬಂದುಹೋದವರು, ಚಾರಿಟಿಯವರು ಎಲ್ಲರನ್ನೂ ಸೇರಿಸ್ಕೊಂಡಿರ್ತಾರೆ, ಅದರಲ್ಲೂ ಸರ್ಬ್ ಪರ ಬರೆಯೋರು ಇನ್ನೂ ಊದಿಸ್ತಾರೆ. ಬೋಸ್ನಿಯಾ ಸೈನ್ಯದಲ್ಲಿ ಇದ್ದದ್ದು ಸುಮಾರು 2 ಲಕ್ಷ ಜನ ಅಂತ ಇಟ್ಕೊಂಡ್ರೆ ಯಾವ ಲೆಕ್ಕ ತಗೊಂಡ್ರೂ ಇವ್ರು ಒಂದು ಚಿಟಿಕೆ. ಇನ್ನೊಂದು ವಿಷಯ, ಇವರದ್ದೇ ಅಂತ ಆದ 'ಎಲ್ ಮುಜಾಹಿದ್' ಅನ್ನೋ ತುಕಡಿಯಲ್ಲೂ ಕೊನೆಕೊನೆಗೆ ಸ್ಥಳೀಯ ಬೋಸ್ನಿಯಾದ ಹುಡುಗ್ರೇ ಜಾಸ್ತಿ ಇದ್ರು.

ಪ್ರಶ್ನೆ: ಬೋಸ್ನಿಯಾ ಸರ್ಕಾರ ಸೆಕ್ಯುಲರ್ ದೇಶ ಕಟ್ತೀವಿ ಅಂತಿತ್ತಲ್ವಾ, ಮತ್ಯಾಕೆ ಇವ್ರನ್ನ ಒಳಗೆ ಬಿಟ್ಕೊಳ್ತು? ಅಲ್ಲೇ ಅದರ ಬಣ್ಣ ಬಯಲಾಗಲಿಲ್ವಾ?

ಉತ್ತರ: ಬಣ್ಣ ಬಯಲಾಯ್ತು ಅನ್ನೋಕೆ ಮುಂಚೆ ಒಂದು ತಾರೀಖು ನೋಡಿ. 1991ರ ಸೆಪ್ಟೆಂಬರ್ 25, ವಿಶ್ವಸಂಸ್ಥೆ ಭದ್ರತಾ ಮಂಡಳಿಯ 713ನೇ ನಿರ್ಣಯ. ಇಡೀ ಯುಗೊಸ್ಲಾವಿಯಾಕ್ಕೆ ಯಾರೂ ಆಯುಧ ಮಾರಬಾರದು ಅಂತ. ಕೇಳೋಕೆ ಎಷ್ಟು ನ್ಯಾಯವಾಗಿದೆ ಅಲ್ವಾ. ಆದ್ರೆ ಹಳೇ ಯುಗೊಸ್ಲಾವ್ ಸೈನ್ಯದ ಟ್ಯಾಂಕು, ಫಿರಂಗಿ ಬಹುಪಾಲು ಹೋಗಿದ್ದು ಬೋಸ್ನಿಯಾದ ಸರ್ಬರ ಕೈಗೆ, ಕ್ರೊಯೇಷಿಯಾಕ್ಕೆ ಸಮುದ್ರ ಇತ್ತು, ಗಡಿ ಇತ್ತು, ಹೇಗೋ ತರಿಸ್ಕೊಳ್ತು, ಸುತ್ತ ಮುತ್ತಿಗೆಯಲ್ಲಿ ಸಿಕ್ಕಿಹಾಕ್ಕೊಂಡ ರಾಜಧಾನಿ ಸಾರಾಯೆವೊದ ಸರ್ಕಾರಕ್ಕೆ ಮಾತ್ರ ಈ ನಿರ್ಬಂಧ ಕುತ್ತಿಗೆಗೆ ಬಂತು. ಯುದ್ಧ ಶುರುವಾದ್ಮೇಲೂ ಅದನ್ನ ತೆಗೀಲಿಲ್ಲ, ಬ್ರಿಟನ್ ಫ್ರಾನ್ಸ್‌ಗೆ ತಮ್ಮ ಶಾಂತಿಪಾಲಕರ ಜೀವದ ಚಿಂತೆ.

ಸರ್ಕಾರಕ್ಕೆ ಬೇಕಾಗಿದ್ದು ಬಂದೂಕು, ಜನ ಅಲ್ಲ. ಜನ ಅಲ್ಲೇ ಬೇಕಾದಷ್ಟಿದ್ರು, ಸರದಿ ಮೇಲೆ ಒಂದೇ ರೈಫಲ್ ಹಿಡಿದು ಕಾವಲು ಕೂರ್ತಿದ್ರು. ಆದ್ರೆ ದುಡ್ಡು, ಆಯುಧ ಕೊಡೋಕೆ ತಯಾರಿದ್ದವ್ರು ಇರಾನು, ಸೌದಿ, ಸೂಡಾನ್ ಕಡೆಯವ್ರು. ವಿಯೆನ್ನಾದಲ್ಲಿ 'ಥರ್ಡ್ ವರ್ಲ್ಡ್ ರಿಲೀಫ್ ಏಜೆನ್ಸಿ' ಅಂತ ಒಂದು ಸಂಸ್ಥೆ ಇತ್ತು, ಸೂಡಾನಿನ ಫತೀಹ್ ಅಲ್ ಹಸನೈನ್ ಅನ್ನೋರು ನಡೆಸ್ತಿದ್ರು, ಅಧ್ಯಕ್ಷ ಅಲಿಯಾ ಇಝೆತ್‌ಬೆಗೊವಿಚ್‌ಗೆ ಹಳೇ ಪರಿಚಯ, ಆಯುಧಕ್ಕೆ ದುಡ್ಡು ಹರಿದ ದೊಡ್ಡ ಕಾಲುವೆ ಅದು. ಆ ದುಡ್ಡಿನ ಜೊತೆ ಈ ಜನಾನೂ ಬಂದ್ರು, ಒಂದು ಬೇಕು ಇನ್ನೊಂದು ಬೇಡ ಅನ್ನೋ ಸ್ಥಿತಿಯಲ್ಲಿ ಸಾರಾಯೆವೊ ಇರಲಿಲ್ಲ. ತಮಾಷೆ ಅಂದ್ರೆ 1994ರಲ್ಲಿ ಇರಾನ್ ಆಯುಧ ಕ್ರೊಯೇಷಿಯಾ ಮೂಲಕ ಹೋಗಲಾ ಅಂತ ಅಲ್ಲಿನ ಅಧ್ಯಕ್ಷ ತುಜ್ಮನ್ ಅಮೆರಿಕನ್ ರಾಯಭಾರಿ ಪೀಟರ್ ಗಾಲ್‌ಬ್ರೇತ್‌ನ ಕೇಳಿದಾಗ, ಕ್ಲಿಂಟನ್ ಸರ್ಕಾರದಿಂದ ಬಂದ ಉತ್ತರ ಏನು ಗೊತ್ತಾ, ಈ ಬಗ್ಗೆ ನಮಗೆ ಯಾವ ಸೂಚನೆಯೂ ಇಲ್ಲ ಅಂತ ಹೇಳಿಬಿಡು. ಅಂದ್ರೆ ನಾವು ಕಣ್ಣು ಮುಚ್ಕೊಂಡಿರ್ತೀವಿ ಅಂತ. ಹಾಗಾಗಿ ಬಣ್ಣದ ಪ್ರಶ್ನೆ ಕೇಳೋದಾದ್ರೆ ಎಲ್ಲರನ್ನೂ ಕೇಳ್ಬೇಕಾಗುತ್ತೆ.

ಪ್ರಶ್ನೆ: ಇವ್ರು ಬಂದಿದ್ರಿಂದಾನೇ ಮುಸ್ಲಿಮರು ಯುದ್ಧದಲ್ಲಿ ಉಳ್ಕೊಂಡ್ರು ಅಂತ ನನ್ನ ಸ್ನೇಹಿತ ವಾದ ಮಾಡ್ತಾನೆ.

ಉತ್ತರ: ಇಲ್ಲ. 1995ರ ಸೆಪ್ಟೆಂಬರ್‌ನಲ್ಲಿ ಝಾವಿಡೊವಿಚಿ ಹತ್ತಿರದ ವೋಝುಚಾ ದಾಳಿಯಲ್ಲಿ ಇವರ ಪಾತ್ರ ದೊಡ್ಡದು, ಅದನ್ನ ಒಪ್ಕೊಳ್ಳೋಣ, ಸಾವಿಗೆ ಹೆದರದೆ ನುಗ್ತಿದ್ರು ಅಂತ ಹೆಸರಿತ್ತು. ಆದ್ರೆ ಯುದ್ಧದ ದಿಕ್ಕು ತಿರುಗಿಸಿದ್ದು ಬೇರೆ: 1994ರ ಮಾರ್ಚ್‌ನಲ್ಲಿ ಕ್ರೊಯೇಟರ ಜೊತೆಗಿನ ಕಾಳಗ ನಿಲ್ಲಿಸಿದ ವಾಷಿಂಗ್ಟನ್ ಒಪ್ಪಂದ, 1995ರ ಆಗಸ್ಟ್‌ನಲ್ಲಿ ಸರ್ಬರ ಮೇಲೆ ಕ್ರೊಯೇಷಿಯಾ ಮಾಡಿದ ಸ್ಟಾರ್ಮ್ ಕಾರ್ಯಾಚರಣೆ, ಅದೇ ಆಗಸ್ಟ್ 30ರಿಂದ ಸರ್ಬ್ ಪಡೆಗಳ ಮೇಲೆ ನೇಟೋ ಬಾಂಬಿಂಗು. 1995ರ ಜುಲೈನಲ್ಲಿ ಪೂರ್ವ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಸರ್ಬ್ ಪಡೆಗಳು 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರು, ಹುಡುಗರನ್ನ ಕೊಂದಾಗ ಅವರನ್ನ ಕಾಪಾಡೋಕೆ ಈ ಮುಜಾಹಿದೀನ್‌ಗಳು ಅಲ್ಲಿ ಇರಲಿಲ್ಲ, ಅವ್ರಿದ್ದಿದ್ದು ಝೆನಿತ್ಸಾ, ಟ್ರಾವ್ನಿಕ್ ಕಡೆ ಮಧ್ಯ ಬೋಸ್ನಿಯಾದಲ್ಲಿ.

ಪ್ರಶ್ನೆ: ಅಲ್ಲಿನ ಮುಸ್ಲಿಮರು ಇವರನ್ನ ಹೇಗೆ ನೋಡ್ತಿದ್ರು?

ಉತ್ತರ: ಮೊದಮೊದಲು ಕೃತಜ್ಞತೆ, ಆಮೇಲೆ ಕಿರಿಕಿರಿ. ಬೋಸ್ನಿಯಾದವರದ್ದು ಒಟ್ಟೋಮನ್ ಕಾಲದಿಂದ ಬಂದ ಹನಫಿ ಪದ್ಧತಿ, ಸೂಫಿ ದರ್ಗಾಗಳು, ಮೌಲೂದ್ ಹಾಡುಗಳು, ಅದರ ಮೇಲೆ ನಲವತ್ತೈದು ವರ್ಷದ ಕಮ್ಯುನಿಸ್ಟ್ ಆಡಳಿತ, ಮನೇಲಿ ಪ್ಲಮ್ ಬ್ರಾಂದಿ ಕುಡಿಯೋ ಮುಸ್ಲಿಮರು ಬೇಕಾದಷ್ಟು. ಗಲ್ಫ್‌ನಿಂದ ಬಂದವ್ರಿಗೆ ಇದೆಲ್ಲ ನೋಡಿ ಇವ್ರಿಗೆ ಮೊದಲು ಧರ್ಮ ಕಲಿಸ್ಬೇಕು ಅನ್ನಿಸ್ತು. ಕೆಫೆಗೆ ನುಗ್ಗಿ ಗಲಾಟೆ ಮಾಡೋದು, ಹುಡುಗಿಯರ ಬಟ್ಟೆ ಬಗ್ಗೆ ತಕರಾರು, ನೀವು ನಮಾಜ್ ಮಾಡೋದು ಸರಿಯಿಲ್ಲ ಅಂತ ಮುದುಕ್ರಿಗೇ ಪಾಠ. ಇವ್ರ ತುಕಡಿ ಸೇರಿದ ಸ್ಥಳೀಯ ಹುಡುಗ್ರು ಮೊದಲು ಧಾರ್ಮಿಕ ಕ್ಲಾಸ್ ಮುಗಿಸ್ಬೇಕಿತ್ತು, ಆದ್ರೆ ಅಲ್ಲಿ ಊಟ, ಬೂಟು, ಶಿಸ್ತು ಚೆನ್ನಾಗಿತ್ತು ಅಂತ ಸೇರಿದವ್ರೂ ಇದ್ರು, ಹಸಿವಿದ್ದಾಗ ಸಿದ್ಧಾಂತ ಯಾರು ನೋಡ್ತಾರೆ.

ಪ್ರಶ್ನೆ: ಯುದ್ಧಾಪರಾಧ ಮಾಡಿದ್ರಲ್ಲ, ಶಿಕ್ಷೆ ಯಾರಿಗಾಯ್ತು?

ಉತ್ತರ: ಬಂದ ಪತ್ರಗಳಲ್ಲಿ ನನಗೆ ಹೆಚ್ಚು ಇಷ್ಟವಾದ ಪ್ರಶ್ನೆ ಇದು, ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಮಾಡಿದ್ರು, ಅನುಮಾನವೇ ಇಲ್ಲ. 1993ರ ಏಪ್ರಿಲ್‌ನಲ್ಲಿ ಮಿಲೆತಿಚಿ ಹಳ್ಳಿಯಲ್ಲಿ ಕ್ರೊಯೇಟ್ ನಾಗರಿಕರ ಕೊಲೆ, ಆ ಜೂನ್‌ನಲ್ಲಿ ಬಿಕೊಶಿ ಹತ್ತಿರ ಹಿಡಿದ ಕ್ರೊಯೇಟರ ಮೇಲೆ ಗುಂಡು, ಗುಚಾ ಗೋರಾದ ಕ್ರೈಸ್ತ ಮಠದ ಒಳಗೆ ಹಾನಿ, ಒರಾಶಾತ್ಸ್ ಕ್ಯಾಂಪಿನಲ್ಲಿ ಒಬ್ಬ ಕೈದಿಯ ತಲೆ ಕಡಿದಿದ್ದು, 1995ರಲ್ಲಿ ವೋಝುಚಾ ಆದ್ಮೇಲೆ ಕಮೆನಿತ್ಸಾ ಕ್ಯಾಂಪಿನಲ್ಲಿ ಐವತ್ತಕ್ಕೂ ಹೆಚ್ಚು ಸರ್ಬ್ ಕೈದಿಗಳ ಕೊಲೆ. ಆದ್ರೆ ಮಾಡಿದವರ ನಿಜ ಹೆಸರೇ ಬಹಳ ಸಲ ಗೊತ್ತಿಲ್ಲ, ಎಲ್ಲರೂ 'ಅಬು' ಏನೋ ಒಂದು, ಯುದ್ಧ ಮುಗಿದ್ಮೇಲೆ ಬಹುತೇಕ ಕಣ್ಮರೆ. ಹಾಗಾಗಿ ಹೇಗ್‌ನ ಯುಗೊಸ್ಲಾವಿಯಾ ನ್ಯಾಯಮಂಡಳಿ ಮುಂದೆ ನಿಂತಿದ್ದು ಬೋಸ್ನಿಯಾದ ಜನರಲ್‌ಗಳು, ಮತ್ತೆ ಇಡೀ ಕೇಸು ನಿಂತಿದ್ದು ಒಂದೇ ಪ್ರಶ್ನೆ ಮೇಲೆ: ಈ ಜನ ನಿಮ್ಮ ಮಾತು ಕೇಳ್ತಿದ್ರಾ?

1993ರ ಆಗಸ್ಟ್ 13ಕ್ಕೆ ಎಲ್ ಮುಜಾಹಿದ್ ತುಕಡಿಯನ್ನ ಅಧಿಕೃತವಾಗಿ ಬೋಸ್ನಿಯಾ ಸೈನ್ಯದ ದೊಡ್ಡ ವಿಭಾಗವಾದ ಝೆನಿತ್ಸಾದ ಮೂರನೇ ಕೋರ್‌ಗೆ ಸೇರಿಸಿದ್ರು. ಯಾಕೆ? ಹೊರಗೆ ಬಿಟ್ರೆ ಇನ್ನೂ ಅಪಾಯ, ಒಳಗೆ ತಂದ್ರೆ ಹಿಡಿತ ಸಿಗಬಹುದು ಅಂತ. ಸಿಗಲಿಲ್ಲ. ಬಿಸಿ ತುಪ್ಪ, ನುಂಗೋಕೂ ಆಗಲಿಲ್ಲ ಉಗುಳೋಕೂ ಆಗಲಿಲ್ಲ. ಕೋರ್ ಕಮಾಂಡರ್ ಎನ್ವರ್ ಹಜಿಹಸನೊವಿಚ್‌ಗೆ 2006ರಲ್ಲಿ 5 ವರ್ಷ ಶಿಕ್ಷೆ ಆಯ್ತು, 2008ರ ಅಪೀಲಿನಲ್ಲಿ ಮೂರೂವರೆಗೆ ಇಳೀತು, ಯಾಕಂದ್ರೆ ಈ ತುಕಡಿ ಮೇಲೆ ಅವ್ರಿಗೆ ಪರಿಣಾಮಕಾರಿ ನಿಯಂತ್ರಣ ಇರಲಿಲ್ಲ ಅಂತ ಅಪೀಲು ಪೀಠ ಹೇಳ್ತು. ಅದೇ 2008ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪೀಠ, ಇಡೀ ಸೈನ್ಯದ ಮುಖ್ಯಸ್ಥ ರಸಿಮ್ ಡೆಲಿಚ್‌ಗೆ, 1995ರಲ್ಲಿ ಲಿವಾದೆ ಮತ್ತೆ ಕಮೆನಿತ್ಸಾದಲ್ಲಿ ಸರ್ಬ್ ಸೈನಿಕರಿಗೆ ಕೊಟ್ಟ ಹಿಂಸೆಗಾಗಿ 3 ವರ್ಷ ಕೊಡ್ತು, ಇಲ್ಲಿ ನಿಯಂತ್ರಣ ಇತ್ತು ಅಂತ. ಅದೂ ಒಮ್ಮತ ಅಲ್ಲ, ಮೂವರು ನ್ಯಾಯಾಧೀಶರಲ್ಲಿ ಪೀಠದ ಅಧ್ಯಕ್ಷರೇ ಒಪ್ಪಲಿಲ್ಲ. ಅಪೀಲು ನಡೀತಿರುವಾಗ್ಲೇ 2010ರಲ್ಲಿ ಡೆಲಿಚ್ ತೀರ್ಕೊಂಡ್ರು. ಆಮೇಲೆ ಬೋಸ್ನಿಯಾದ ಕೋರ್ಟೇ 1995ರ ಮೂರನೇ ಕೋರ್ ಕಮಾಂಡರ್ ಸಕಿಬ್ ಮಹ್ಮುಲ್ಯಿನ್‌ಗೆ 2021ರಲ್ಲಿ 10 ವರ್ಷ ಹಾಕ್ತು, ಅಪೀಲಿನಲ್ಲಿ 8 ಆಯ್ತು.

ನನ್ನ ಅಭಿಪ್ರಾಯ ಕೇಳಿದ್ರೆ, 1993ರಲ್ಲಿ ನಿಯಂತ್ರಣ ಇರಲಿಲ್ಲ ಅನ್ನೋದು ನಂಬೋ ಮಾತು. 1995ರಲ್ಲಿ, ಅದೇ ತುಕಡಿಗೆ ದಾಳಿಯ ಮುಂಚೂಣಿ ಜವಾಬ್ದಾರಿ ಕೊಟ್ಟು, ಗೆದ್ದಾಗ ಹೊಗಳಿ, ಕೈದಿಗಳ ವಿಷಯ ಬಂದಾಗ ಮಾತ್ರ ಅವ್ರು ನಮ್ಮ ಕೈಲಿರಲಿಲ್ಲ ಅಂದ್ರೆ ಕೇಳೋಕೆ ಕಷ್ಟ.

ಪ್ರಶ್ನೆ: ಬರೀ ಮುಸ್ಲಿಂ ವಾಲಂಟಿಯರ್‌ಗಳ ಬಗ್ಗೆನೇ ಬರೀತೀರಲ್ಲ, ಬೇರೆ ಕಡೆ ವಿದೇಶಿಯರು ಇರಲೇ ಇಲ್ವಾ? ಇದು ಪಕ್ಷಪಾತ.

ಉತ್ತರ: ಇದ್ರು ಸ್ವಾಮಿ. ಸರ್ಬರ ಕಡೆ ವಿಶೆಗ್ರಾಡ್‌ನಲ್ಲಿ ರಷ್ಯನ್ನರು, ಜೊತೆಗೆ ಗ್ರೀಕ್ ವಾಲಂಟಿಯರ್ ಗಾರ್ಡ್, ಆರ್ಥೊಡಾಕ್ಸ್ ಸೋದರತ್ವ ಅಂತ. ಕ್ರೊಯೇಟರ ಕಡೆ ಪಶ್ಚಿಮ ಯುರೋಪಿನ ಬಲಪಂಥೀಯ ಹುಡುಗ್ರು, ನಿಯೋನಾಜಿಗಳೂ ಸೇರಿ, ಅವರಲ್ಲಿ ಸ್ವೀಡನ್ನಿನ ಒಬ್ಬನಿಗೆ ಯುದ್ಧಾಪರಾಧಕ್ಕೆ ಶಿಕ್ಷೆನೂ ಆಗಿದೆ. ಗ್ರೀಕರು ಸ್ರೆಬ್ರೆನಿತ್ಸಾ ಬಿದ್ದಾಗ ಅಲ್ಲೇ ಇದ್ರು, ಆದ್ರೂ ಅವರ ಮೇಲೆ ಪುಸ್ತಕಗಳು, ಭಾಷಣಗಳು ಎಷ್ಟು ಬಂದಿವೆ ಹುಡುಕಿ ನೋಡಿ. ನೀವು ಕೇಳಿದ್ದು ಸರಿ. ಈ ಸಲ ಪತ್ರಗಳು ಬಂದಿದ್ದು ಮುಜಾಹಿದೀನ್ ಬಗ್ಗೆ, ಅದಕ್ಕೇ ಉತ್ತರವೂ ಅದರ ಬಗ್ಗೆ.

ಪ್ರಶ್ನೆ: ಅಮೆರಿಕದ 9/11 ದಾಳಿಗೂ ಬೋಸ್ನಿಯಾಗೂ ಸಂಬಂಧ ಇದ್ಯಂತೆ?

ಉತ್ತರ: ವಿಮಾನ ಅಪಹರಿಸಿದವರಲ್ಲಿ ಖಾಲಿದ್ ಅಲ್ ಮಿಹ್ದಾರ್, ನವಾಫ್ ಅಲ್ ಹಝ್ಮಿ ಇಬ್ರೂ 1995ರಲ್ಲಿ ಬೋಸ್ನಿಯಾಗೆ ಹೋಗಿದ್ರು, ಸಂಚುಕೋರ ಖಾಲಿದ್ ಶೇಖ್ ಮೊಹಮ್ಮದ್ ಕೂಡ ಹೋಗಿಬಂದಿದ್ದ ಅಂತ ಅಮೆರಿಕದ 9/11 ಆಯೋಗವೇ ಬರೆದಿದೆ. ಅಷ್ಟು ನಿಜ. ಅದರಿಂದ ಸಂಚು ಬೋಸ್ನಿಯಾದಲ್ಲಿ ಹುಟ್ಟಿತು ಅಂತ ಎಳೆಯೋದು ಅತಿ. ಅಲ್ಲಿಗೆ ಬಂದವ್ರಲ್ಲಿ ಬಹುಪಾಲು ಜನ ಆಮೇಲೆ ಯಾವ ದಾಳಿಯಲ್ಲೂ ಕಾಣಿಸ್ಕೊಂಡಿಲ್ಲ.

ಪ್ರಶ್ನೆ: ಯುದ್ಧ ಮುಗಿದ್ಮೇಲೆ ಇವ್ರು ಎಲ್ಲಿ ಹೋದ್ರು?

ಉತ್ತರ: ಯುದ್ಧ ನಿಲ್ಲಿಸಿದ ಡೇಟನ್ ಒಪ್ಪಂದದಲ್ಲಿ ವಿದೇಶಿ ಸಲಹೆಗಾರರು, ತರಬೇತಿದಾರರು, ವಾಲಂಟಿಯರ್‌ಗಳು ಎಲ್ಲಾ 30 ದಿನದೊಳಗೆ ಜಾಗ ಖಾಲಿ ಮಾಡ್ಬೇಕು ಅಂತ ಸ್ಪಷ್ಟವಾಗಿ ಬರೆದಿದ್ರು. ಪ್ಯಾರಿಸ್‌ನಲ್ಲಿ ಅದಕ್ಕೆ ಸಹಿ ಬಿದ್ದ ದಿನವೇ, 1995ರ ಡಿಸೆಂಬರ್ 14, ಇವರ ಧಾರ್ಮಿಕ ನಾಯಕ ಅನ್ವರ್ ಶಾಬಾನ್, ಮಿಲಾನ್‌ನಲ್ಲಿ ಇಮಾಮ್ ಆಗಿದ್ದ ಈಜಿಪ್ಟಿನವನು, ಝೆಪ್ಚೆ ಹತ್ತಿರ ಕ್ರೊಯೇಟ್ ಪಡೆಗಳ ಗುಂಡಿಗೆ ಸತ್ತ. ಬಹಳ ಜನ ಹೊರಟ್ರು. ಸ್ಥಳೀಯ ಹೆಣ್ಣುಮಕ್ಕಳನ್ನ ಮದುವೆಯಾಗಿ ಪೌರತ್ವ ತಗೊಂಡವ್ರು ಉಳಿದ್ರು, ಅವರಲ್ಲಿ ಕೆಲವ್ರು ಮಾಗ್ಲಾಯ್ ಹತ್ತಿರದ ಬೊಚಿನ್ಯಾ ಹಳ್ಳಿಯಲ್ಲಿ, ಸರ್ಬರು ಬಿಟ್ಟು ಓಡಿದ್ದ ಮನೆಗಳಲ್ಲೇ ಸಂಸಾರ ಹೂಡಿದ್ರು. 2000ದ ಆಸುಪಾಸಿನಲ್ಲಿ ಮನೆ ಯಜಮಾನರು ವಾಪಸ್ ಬಂದಾಗ ಅಲ್ಲಿಂದ ಎಬ್ಬಿಸಿದ್ರು.

ಅಸಲಿ ಪೇಚಾಟ ಶುರುವಾಗಿದ್ದು 2001ರ ಸೆಪ್ಟೆಂಬರ್ ಆದ್ಮೇಲೆ. ಆ ಅಕ್ಟೋಬರ್‌ನಲ್ಲಿ ಆರು ಜನ ಅಲ್ಜೀರಿಯನ್ ಮೂಲದವ್ರನ್ನ ಬಂಧಿಸಿದ್ರು, ಬೋಸ್ನಿಯಾದ ಕೋರ್ಟು 2002ರ ಜನವರಿಯಲ್ಲಿ ಸಾಕ್ಷಿ ಇಲ್ಲ ಬಿಡಿ ಅಂತು, ಬಿಟ್ಟ ತಕ್ಷಣ ಅಮೆರಿಕನ್ನರ ಕೈಗೆ ಕೊಟ್ರು, ಸೀದಾ ಗ್ವಾಂಟಾನಮೊ. ಅವರಲ್ಲಿ ಒಬ್ರಾದ ಲಖ್ದರ್ ಬೂಮೆದೀನ್ ರೆಡ್ ಕ್ರೆಸೆಂಟ್‌ನಲ್ಲಿ ಕೆಲಸ ಮಾಡ್ತಿದ್ದವ್ರು, ಅವರ ಹೆಸರಿನ ಕೇಸಲ್ಲೇ 2008ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗ್ವಾಂಟಾನಮೊ ಕೈದಿಗಳಿಗೂ ತಮ್ಮ ಬಂಧನ ಪ್ರಶ್ನಿಸೋ ಹಕ್ಕಿದೆ ಅಂತ ಹೇಳಿದ್ದು. ಅದೇ ವರ್ಷ ನವೆಂಬರ್‌ನಲ್ಲಿ ಆರರಲ್ಲಿ ಐವರನ್ನ ಬಿಡುಗಡೆ ಮಾಡಿ ಅಂತ ಆದೇಶ ಬಂತು. ಇತ್ತ ಬೋಸ್ನಿಯಾ ಒಂದು ಆಯೋಗ ಮಾಡಿ ನೂರಾರು ಜನರ ಪೌರತ್ವ ಕಿತ್ತುಹಾಕ್ತು. ಸಿರಿಯಾ ಮೂಲದ ಇಮಾದ್ ಅಲ್ ಹುಸಿನ್‌ನ ಸಾರಾಯೆವೊ ಹತ್ತಿರ ಲುಕಾವಿತ್ಸಾದ ವಲಸೆ ಕೇಂದ್ರದಲ್ಲಿ ವರ್ಷಗಟ್ಟಲೆ ಕೂಡಿಹಾಕಿದ್ರು, ಸಿರಿಯಾಗೆ ಕಳಿಸಿದ್ರೆ ಚಿತ್ರಹಿಂಸೆ ಗ್ಯಾರಂಟಿ, ಕಳಿಸೋ ಹಾಗಿಲ್ಲ ಅಂತ 2012ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಹೇಳ್ತು. ಯುದ್ಧದ ಸಮಯದಲ್ಲಿ ಬೇಕಾಗಿ ಕೊಟ್ಟ ಪೌರತ್ವವನ್ನ ಕಾಲ ಬದಲಾಯ್ತು ಅಂತ ವಾಪಸ್ ಕಿತ್ಕೊಳ್ಳೋದು, ಆ ಮನುಷ್ಯನ ಹೆಂಡ್ತಿ ಮಕ್ಕಳು ಅಲ್ಲೇ ಹುಟ್ಟಿ ಬೆಳೆದವ್ರಾಗಿರುವಾಗ, ನನಗಂತೂ ಸರಿ ಕಾಣಲ್ಲ, ತಪ್ಪು ಮಾಡಿದ್ರೆ ಕೇಸು ಹಾಕಿ ಸಾಬೀತು ಮಾಡ್ಲಿ.

ಪ್ರಶ್ನೆ: ಈಗ ಉಕ್ರೇನ್‌ನಲ್ಲೂ ಮುಸ್ಲಿಂ ವಾಲಂಟಿಯರ್‌ಗಳು ಇದ್ದಾರಂತೆ, ಅದೂ ಇದೇ ಕಥೇನಾ?

ಉತ್ತರ: ಬೇರೆ ಕಥೆ. ಅಲ್ಲಿ ಹೆಸರು ಮಾಡಿರೋದು ರಷ್ಯಾದ ಚೆಚೆನ್ಯಾ ಮೂಲದ ಚೆಚೆನ್ಯರು, ಝೋಖರ್ ದುದಾಯೆವ್ ಬೆಟಾಲಿಯನ್, ಶೇಖ್ ಮನ್ಸೂರ್ ಬೆಟಾಲಿಯನ್ ಅಂತ 2014ರಿಂದ ಉಕ್ರೇನ್ ಪರ ಇದ್ದಾರೆ, ಮೊದಲನೆಯದರ ಕಮಾಂಡರ್ ಈಸಾ ಮುನಾಯೆವ್ 2015ರ ಫೆಬ್ರವರಿಯಲ್ಲಿ ದೆಬಾಲ್ತ್ಸೆವೆ ಹತ್ತಿರ ಸತ್ತ. ಎದುರಿಗೆ ಚೆಚೆನ್ಯಾದ ರಷ್ಯಾ ಪರ ನಾಯಕ ಕದಿರೋವ್‌ನ ಚೆಚೆನ್ಯರೇ ಇದ್ದಾರೆ. ಉಕ್ರೇನ್ ಪರ ಇರೋ ಚೆಚೆನ್ಯರ ಜಗಳ ಮಾಸ್ಕೋ ಜೊತೆ, 1994 ಮತ್ತೆ 1999ರ ಯುದ್ಧಗಳಿಂದ ಬಂದದ್ದು, ಉಕ್ರೇನಿನವ್ರಿಗೆ ನಮಾಜ್ ಕಲಿಸೋಕೆ ಅವ್ರು ಬಂದಿಲ್ಲ. ಪ್ರತಿಯಾಗಿ ಅವ್ರಿಗೆ ಬೇಕಾಗಿದ್ದೂ ರಾಜಕೀಯವೇ, 2022ರ ಅಕ್ಟೋಬರ್‌ನಲ್ಲಿ ಉಕ್ರೇನ್ ಸಂಸತ್ತು ಚೆಚೆನ್ ಇಚ್ಕೇರಿಯಾವನ್ನ, ಅಂದ್ರೆ ಪ್ರತ್ಯೇಕತಾವಾದಿಗಳು ಕಟ್ಟಿದ್ದ ಚೆಚೆನ್ ಗಣರಾಜ್ಯವನ್ನ, ರಷ್ಯಾ ಆಕ್ರಮಿಸಿಕೊಂಡಿರೋ ಪ್ರದೇಶ ಅಂತ ನಿರ್ಣಯ ಮಾಡಿದಾಗ ಅದರಲ್ಲಿ ಒಂದು ಪಾಲು ಸಿಕ್ಕಿತು.